ಲಿಪ್‌ಸ್ಟಿಕ್ ಒರೆಸಿಕೊಂಡು ಹಾಕಿದ ವೋಟು

ಪ್ರೀತಿಯ ಗೆಳೆಯಾ,

ನಾನು ಕ್ಷೇಮ. ಇವತ್ತು ಜೂನ್ 2, ಇಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ರಜೆ. ನಮ್ಮ ಜನವರಿ 26 ಇದ್ದ ಹಾಗೆ ಇವರಿಗಿದು ಗಣರಾಜ್ಯ ದಿನ. ಬೆಳಿಗ್ಗೆ ಎದುರು ಮನೆ ಅಜ್ಜಿ ಕಾಫಿಗೆ ಕರೆದಿದ್ದರು. ಟೀವಿಯಲ್ಲಿ ರೋಮ್ ಪರೇಡ್ ಬರುತ್ತಿತ್ತು. ಅದನ್ನು ನೋಡುತ್ತಾ, "ನಮ್ಮಮ್ಮ ವೋಟು ಹಾಕಿದ್ದು ರಾಜನಿಗೆ, ಗೊತ್ತಾ?" ಅಂದರು. ಹಾಗೆ ಶುರುವಾಯಿತು 1946ರ ಕಥೆ.

ರಾಜ ಬೇಕೋ ಬೇಡವೋ, ಆ ವರ್ಷ ಜನ ತೀರ್ಮಾನಿಸಬೇಕಿತ್ತು. 1922ರಲ್ಲಿ ಫ್ಯಾಸಿಸ್ಟರ ನಾಯಕ ಮುಸೊಲಿನಿಯನ್ನು ಪ್ರಧಾನಿ ಮಾಡಿದ್ದು ರಾಜ ಮೂರನೇ ವಿಟ್ಟೋರಿಯೊ ಇಮ್ಯಾನುಯೆಲೆ. 1943ರ ಸೆಪ್ಟೆಂಬರ್‌ನಲ್ಲಿ ಜರ್ಮನರು ಬರುತ್ತಾರೆ ಅಂತ ರೋಮ್ ಬಿಟ್ಟು ಓಡಿದ್ದೂ ಅವನೇ. ಜನರ ಸಿಟ್ಟು ಅವನಿಗೂ ಗೊತ್ತಿತ್ತು. ಮತದಾನಕ್ಕೆ ತಿಂಗಳೂ ಇಲ್ಲದಾಗ, ಮೇ 9ರಂದು, ಮಗ ಉಂಬೆರ್ತೊಗೆ ಪಟ್ಟ ಬಿಟ್ಟುಕೊಟ್ಟು ಈಜಿಪ್ಟಿಗೆ ಹೊರಟ.

ಅದಾಗಿ ಎರಡೇ ದಿನಕ್ಕೆ ಮಿಲಾನ್‌ನ ಒಪೆರಾ ಮಂದಿರ ಲಾ ಸ್ಕಾಲಾ ಮತ್ತೆ ಬಾಗಿಲು ತೆರೆಯಿತು. 1943ರ ಬಾಂಬಿಗೆ ಅದರ ಸೂರು ಹಾರಿಹೋಗಿತ್ತು. ವಾದ್ಯವೃಂದ ನಡೆಸಿದವರು ತೊಸ್ಕನೀನಿ. ಫ್ಯಾಸಿಸ್ಟರ ಹಾಡು ನುಡಿಸಲ್ಲ ಅಂದದ್ದಕ್ಕೆ 1931ರಲ್ಲಿ ಬೊಲೊನ್ಯಾದಲ್ಲಿ ಏಟು ತಿಂದು, ಆಮೇಲೆ ಅಮೆರಿಕಕ್ಕೆ ಹೋಗಿದ್ದ ಮನುಷ್ಯ. ಒಳಗೆ ಜಾಗ ಸಿಗದವರು ಹೊರಗೆ ನಿಂತು ಲೌಡ್‌ಸ್ಪೀಕರಿನಲ್ಲಿ ಕೇಳಿದರು. ಹೊಟ್ಟೆಗೆ ರೇಷನ್ ಬ್ರೆಡ್ಡು, ಕಿವಿಗೆ ವೆರ್ದಿಯ ಸಂಗೀತ!

ಜೂನ್ 2 ಮತ್ತು 3ಕ್ಕೆ ಮತದಾನ. ಇಡೀ ದೇಶದ ಚುನಾವಣೆಯೊಂದರಲ್ಲಿ ಹೆಂಗಸರು ವೋಟು ಹಾಕಿದ್ದು ಅದೇ ಮೊದಲು. ಮತಪತ್ರದ ಅಂಚನ್ನು ತುಟಿಯಿಂದ ಒದ್ದೆ ಮಾಡಿ ಅಂಟಿಸಬೇಕಿತ್ತು. ಲಿಪ್‌ಸ್ಟಿಕ್ ಗುರುತು ಬಿದ್ದರೆ ವೋಟು ಕುಲಗೆಟ್ಟೀತು, ಹಚ್ಚಿಕೊಳ್ಳದೆ ಬನ್ನಿ ಅಂತ ಮಿಲಾನ್ ಪತ್ರಿಕೆಯೊಂದು ಹೆಂಗಸರಿಗೆ ಬುದ್ಧಿ ಹೇಳಿತ್ತು. ಇದನ್ನು ನಾನು ಹೇಳಿದಾಗ ಅಜ್ಜಿ ಜೋರಾಗಿ ನಕ್ಕರು. "ಅಮ್ಮನ ಹತ್ರ ಲಿಪ್‌ಸ್ಟಿಕ್ ಎಲ್ಲಿತ್ತು? ಸೋಪೇ ಇರಲಿಲ್ಲ!"

ಅವರ ಊರು ನೇಪಲ್ಸ್. ಅಪ್ಪ ಗಣರಾಜ್ಯದ ಕಡೆ, ಅಮ್ಮ ರಾಜನ ಕಡೆ. ಗಂಡ ಹೇಳಿದ್ದಕ್ಕೇ ಹಾಕ್ತೀನಿ ಅಂತ ಅಮ್ಮ ಮನೆಯಲ್ಲಿ ಹೇಳಿ, ಒಳಗೆ ಹೋಗಿ ತನಗೆ ಬೇಕಾದ್ದಕ್ಕೆ ಗೀಟು ಎಳೆದು ಬಂದಿದ್ದರಂತೆ. ಎಷ್ಟೋ ವರ್ಷ ಬಾಯಿ ಬಿಡಲಿಲ್ಲವಂತೆ. ನನಗಂತೂ ಆ ಗುಟ್ಟೇ ನಿಜವಾದ ಸ್ವಾತಂತ್ರ್ಯ ಅನ್ನಿಸಿತು, ರಾಜನಿಗೇ ಹಾಕಿರಲಿ ಬಿಡು.

ಗಣರಾಜ್ಯಕ್ಕೆ 1 ಕೋಟಿ 27 ಲಕ್ಷ ವೋಟು, ರಾಜನಿಗೆ 1 ಕೋಟಿ 7 ಲಕ್ಷ. ಸುಮ್ನೆ ಗೆದ್ದದ್ದಲ್ಲ ನೋಡು. ಉತ್ತರದವರು ಬೇಡ ಅಂದರು, ದಕ್ಷಿಣದವರು ಬೇಕು ಅಂದರು. ನೇಪಲ್ಸ್‌ನಲ್ಲಂತೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ರಾಜನ ಪರ. ಜೂನ್ 11ರಂದು ಅಲ್ಲಿನ ವಿಯಾ ಮೆದೀನಾ ಬೀದಿಯಲ್ಲಿ ಗಲಾಟೆಯಾಗಿ ಗುಂಡು ಹಾರಿತು. ರಾಜನ ಬೆಂಬಲಿಗರು ಹಲವರು ಸತ್ತರು. 13ಕ್ಕೆ ಉಂಬೆರ್ತೊ ವಿಮಾನ ಹತ್ತಿ ಪೋರ್ಚುಗಲ್‌ಗೆ ಹೋದ. ಜನ ಅವನಿಗೆ 'ಮೇ ತಿಂಗಳ ರಾಜ' ಅಂತ ಹೆಸರಿಟ್ಟರು.

ಸಂವಿಧಾನ ಬರೆಯಲು ಆಯ್ಕೆಯಾದ 556 ಮಂದಿಯಲ್ಲಿ ಹೆಂಗಸರು 21. ನಮ್ಮ ಸಂವಿಧಾನ ಸಭೆ ಮೊದಲು ಸೇರಿದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ವಾ?

ಪರೇಡ್ ಮುಗಿದ ಮೇಲೆ ಅಜ್ಜಿ ಡ್ರಾಯರಿನಿಂದ ಅಮ್ಮನ ಫೋಟೋ ತೆಗೆದು ತೋರಿಸಿದರು. ಹೂವಿನ ಫ್ರಾಕು, ಬಿಗಿಯಾಗಿ ಮುಚ್ಚಿದ ತುಟಿ. ನೋಡಿದರೆ ಗುಟ್ಟು ಬಿಟ್ಟುಕೊಡುವ ಹೆಂಗಸಲ್ಲ.

ನಿಮ್ಮಜ್ಜಿ 1952ರಲ್ಲಿ ಗಾಡಿ ಕಟ್ಟಿಸಿಕೊಂಡು ವೋಟು ಹಾಕಲು ಹೋಗಿದ್ದರು ಅಂತಿದ್ದೆಯಲ್ಲ. ಯಾರಿಗೆ ಹಾಕಿದ್ದು ಅಂತ ತಾತನಿಗೆ ಹೇಳಿದ್ದರಾ? ಬರೆಯುವಾಗ ಅದನ್ನೂ ಬರಿ.

ನಿನ್ನ,
ಟ್ಯೂರಿನ್ ಗೆಳೆಯ