ಮಗಳಿಗೊಂದು ಪತ್ರ: ಅಜ್ಜಿ-ತಾತನ ಜೊತೆ ಯುಗಾದಿ

ಪ್ರೀತಿಯ ಪುಟ್ಟಿ,

ಈ ಸಲ ಯುಗಾದಿಗೆ ನಾನೂ ನಿನ್ನಪ್ಪನೂ ಮೈಸೂರಿನಲ್ಲಿ ಇರುವುದಿಲ್ಲ. ನಿನ್ನಕ್ಕನ ಬಾಣಂತನ ಬಿಟ್ಟು ಹುಬ್ಬಳ್ಳಿಯಿಂದ ಹೊರಡೋಕಾಗಲ್ಲ. ಹಬ್ಬ ಮಾರ್ಚ್ 19, ಗುರುವಾರ. ಅಜ್ಜಿ-ತಾತನನ್ನು ಬೆಂಗಳೂರಿಗೇ ಕರೆಸಿಕೊಳ್ಳಲಾ ಎಂದು ಕೇಳಿದೆಯಲ್ಲ, ಅದು ಬೇಡ. ಅಳಿಯಂದಿರನ್ನು ಕರೆದುಕೊಂಡು ನೀನೇ ಬುಧವಾರ ಸಂಜೆ ಮೈಸೂರಿಗೆ ಹೋಗು. ಎಂಬತ್ತು ದಾಟಿದವರಿಗೆ ತಮ್ಮ ಮನೆಯೇ ಕ್ಷೇಮ. ಅಲ್ಲಿ ಸ್ವಿಚ್ ಎಲ್ಲಿದೆ ಎಂದು ಕತ್ತಲಲ್ಲೂ ಕೈಗೆ ಗೊತ್ತು, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ ಎಂದು ಕಾಲಿಗೆ ಗೊತ್ತು. ಹೊಸ ಜಾಗದಲ್ಲಿ ಮಧ್ಯರಾತ್ರಿ ಎದ್ದು ತಡಕಾಡುವಾಗಲೇ ವಯಸ್ಸಾದವರು ಬೀಳುವುದು ಜಾಸ್ತಿ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಬ್ಬರನ್ನು ಸೋಫಾದ ಮೇಲೆ ಕೂರಿಸಿ, ‘ನೀವೇನೂ ಮಾಡಬೇಡಿ, ಆರಾಮಾಗಿರಿ’ ಎನ್ನಬೇಡ. ಅದು ಪ್ರೀತಿಯಿಂದ ಬರುವ ಮಾತೇ, ಗೊತ್ತು. ಆದರೆ ಇಷ್ಟು ವರ್ಷ ಆ ಮನೆಯ ಹಬ್ಬ ನಡೆಸಿದವರಿಗೆ ಅದನ್ನು ಕೇಳಿದರೆ ನೋವಾಗುತ್ತದೆ. ಅದೂ ಅಲ್ಲದೆ, ಕೂರಿಸಿದರೆ ಅವರು ಸುಮ್ನೆ ಕೂರುವವರೂ ಅಲ್ಲ. ನೀನು ಅಡುಗೆಮನೆಯಲ್ಲಿ ಇರುವಾಗ ತಾತ ತೋರಣ ಹಿಡಿದುಕೊಂಡು ಸ್ಟೂಲು ಹತ್ತಿರುತ್ತಾರೆ. ಕೂತು ಮಾಡುವ ಕೆಲಸವನ್ನೆಲ್ಲ ಅವರ ಕೈಗೆ ಕೊಡು. ಹತ್ತುವುದು, ಬಗ್ಗುವುದು, ಭಾರ ಎತ್ತುವುದು, ಬಿಸಿ ಪಾತ್ರೆ ಇಳಿಸುವುದು ನಿಮ್ಮಿಬ್ಬರ ಪಾಲಿಗಿರಲಿ.

ಬುಧವಾರ ರಾತ್ರಿಯೇ ಮಾವಿನ ಎಲೆ, ದಾರ, ಬೇವಿನ ಗೊಂಚಲು ತಾತನ ಮುಂದೆ ಮೇಜಿನ ಮೇಲೆ ಇಟ್ಟುಬಿಡು. ಅವರು ಎಲೆ ಮಡಚಿ ಪೋಣಿಸುವ ಚಂದ ನಮಗ್ಯಾರಿಗೂ ಬಂದಿಲ್ಲ. ಕಟ್ಟುವುದು ಅಳಿಯಂದಿರ ಕೆಲಸ. ತಾತ ಕೆಳಗೆ ಕುರ್ಚಿಯಲ್ಲಿ ಕೂತು ‘ಎಡಗಡೆ ಸ್ವಲ್ಪ ಮೇಲೆ’ ಅಂತ ಹೇಳಲಿ.

ಅಜ್ಜಿಗೆ ಹೂರಣ. ಬೇಳೆ ಬೇಯಿಸುವುದು, ಬಸಿಯುವುದು, ರುಬ್ಬುವುದು ನೀನು. ಪಾಕ ಆಯಿತೋ ಇಲ್ಲವೋ ಎಂದು ಹೇಳುವುದು ಅವರು, ಉಂಡೆ ಕಟ್ಟುವುದೂ ಅವರೇ. ಕಾವಲಿಯ ಮುಂದೆ ಗಂಟೆಗಟ್ಟಲೆ ನಿಲ್ಲಲು ಬಿಡಬೇಡ. ಮಾರ್ಚ್ ಬಿಸಿಲು, ಒಲೆಯ ಶಾಖ ಎರಡೂ ಸೇರಿದರೆ ತಲೆ ಸುತ್ತುತ್ತದೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ, ಕೇಳಲಿ ಬಿಡಲಿ ಆಗಾಗ ನೀರು ಕೊಡುತ್ತಿರು.

ನನಗೆ ಜಾಸ್ತಿ ಚಿಂತೆ ಇರುವುದು ಎಣ್ಣೆ ಸ್ನಾನದ ಬಗ್ಗೆ. ಅದನ್ನು ಬೇಡ ಎನ್ನಲಾರೆ. ಅಭ್ಯಂಜನ ಇಲ್ಲದ ಯುಗಾದಿಯನ್ನು ಅಜ್ಜಿ ಒಪ್ಪುವುದೇ ಇಲ್ಲ. ಹಾಗಾಗಿ ಸ್ವಲ್ಪ ಬದಲಾಯಿಸಿ ಮಾಡು. ಎಣ್ಣೆ ಹಚ್ಚುವುದು ಬಚ್ಚಲಲ್ಲಿ ಬೇಡ. ನಡುಮನೆಯಲ್ಲಿ, ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಹಚ್ಚು. ಕೆಳಗೆ ಹಳೆ ಬೆಡ್‌ಶೀಟ್ ಹಾಸು. ನೆತ್ತಿಗೆ, ಬೆನ್ನಿಗೆ, ತೋಳಿಗೆ ಧಾರಾಳವಾಗಿ ಹಚ್ಚು, ಅಂಗಾಲಿಗೆ ಮಾತ್ರ ಬೇಡ. ಆರತಿ, ಹಾಡು ಎಲ್ಲ ಅಲ್ಲೇ ಆಗಲಿ. ಆಮೇಲೆ ಪಾದ ಒರೆಸಿ, ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗು. ಸ್ನಾನವೂ ಕೂತೇ ಆಗಲಿ. ಮಣೆ ಬೇಡ, ಅದರಿಂದ ಏಳುವಾಗ ಮಂಡಿ ಹಿಡಿಯುತ್ತದೆ. ಕಾಲಿಗೆ ರಬ್ಬರ್ ಹಾಕಿದ ಕುರ್ಚಿ ಅಟ್ಟದ ಕೆಳಗಿದೆ.

ನೀರಿನ ಬಿಸಿಯನ್ನು ನೀನೇ ಮೊಣಕೈ ಅದ್ದಿ ನೋಡು. ಅಜ್ಜಿಯ ಮಾತು ಕೇಳಬೇಡ, ಅವರಿಗೆ ಎಷ್ಟು ಬಿಸಿಯಾದರೂ ಸಾಲದು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೆ ಸುಡುವುದು ಸರಿಯಾಗಿ ಗೊತ್ತಾಗುವುದಿಲ್ಲ. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಗೀಸರ್ ಅಷ್ಟು ಬಿಸಿ ಮಾಡುತ್ತದೆ. ಮೊದಲು ತಣ್ಣೀರು ಹಿಡಿದು ಆಮೇಲೆ ಬಿಸಿ ಬೆರೆಸು. ಬಚ್ಚಲಿನ ಚಿಲಕ ಒಳಗಿಂದ ಹಾಕದಂತೆ ಹೇಳು, ನೀನು ಬಾಗಿಲ ಹೊರಗೇ ನಿಂತಿರು. ಬಿಸಿನೀರಿನ ಸ್ನಾನ ಆದಮೇಲೆ ತಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಎರಡು ನಿಮಿಷ ಕೂತಿದ್ದು ಏಳಲಿ. ಅಜ್ಜಿ ಆದಮೇಲೆ ಸೀಗೆಕಾಯಿ ಹಾಕಿ ನೆಲವನ್ನು ಚೆನ್ನಾಗಿ ಉಜ್ಜಿ, ಒಣಗಿಸಿ, ಆಮೇಲಷ್ಟೇ ತಾತನನ್ನು ಕರೆ. ಒಬ್ಬರು ಬಿಟ್ಟ ಎಣ್ಣೆಯ ಮೇಲೆ ಇನ್ನೊಬ್ಬರು ಕಾಲಿಡುವುದೇ ದೊಡ್ಡ ಅಪಾಯ.

ಇನ್ನು ಹೊಟ್ಟೆಯ ವಿಷಯ. ಹಬ್ಬದ ದಿನ ಸಕ್ಕರೆ ಏರುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಆದರೆ ಬೆಳಿಗ್ಗೆ ಸಕ್ಕರೆ ಇಳಿಯುವುದಿದೆಯಲ್ಲ, ಅದು ಇನ್ನೂ ಬೇಗ ಕೆಡಿಸುತ್ತದೆ. ಅಜ್ಜಿ ಅಭ್ಯಾಸದಂತೆ ಏಳೂವರೆಗೆ ಸಕ್ಕರೆ ಇಳಿಸುವ ಗ್ಲೈಮೆಪಿರೈಡ್ ಮಾತ್ರೆ ನುಂಗುತ್ತಾರೆ, ಆಮೇಲೆ ಪೂಜೆ ಮುಗಿಯದೆ ತಿನ್ನಲ್ಲ ಅಂತಾರೆ. ಪೂಜೆ ಹನ್ನೊಂದಾದರೆ ಗತಿ? ಅದಕ್ಕೆ ಒಂದು ದಾರಿ ಇದೆ. ಬೆಳಿಗ್ಗೆ ಬೇಗ ಹಾಲು, ಹಣ್ಣು, ಬೇವು-ಬೆಲ್ಲ ಇಟ್ಟು ನೈವೇದ್ಯ ಮಾಡಿಬಿಡಿ. ಬೇವು-ಬೆಲ್ಲ ಬಾಯಿಗೆ ಬಿದ್ದ ಮೇಲೆ ಅಜ್ಜಿ ಉಪ್ಪಿಟ್ಟು ತಿನ್ನಲು ತಕರಾರು ಮಾಡುವುದಿಲ್ಲ. ಒಬ್ಬಟ್ಟಿನ ನೈವೇದ್ಯ ಮಧ್ಯಾಹ್ನ ಬೇರೆ ಮಾಡಿದರಾಯಿತು. ಮಾತ್ರೆಯನ್ನು ತಿಂಡಿಯ ತಟ್ಟೆಯ ಪಕ್ಕದಲ್ಲೇ ಇಡು, ತಟ್ಟೆ ಬಂದ ಮೇಲೆ ಕೊಡು.

ಅಷ್ಟಾದರೂ ಅವರು ಬೆವರಿದರೆ, ಕೈ ನಡುಗಿದರೆ, ಮಾತು ಅಡ್ಡಾದಿಡ್ಡಿಯಾದರೆ ಸಕ್ಕರೆ ನೋಡು. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸು, 15 ನಿಮಿಷ ಬಿಟ್ಟು ಮತ್ತೆ ನೋಡು. ಇನ್ನೂ ಏರದಿದ್ದರೆ ಮತ್ತೊಮ್ಮೆ ಕೊಡು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡ, ಆಂಬುಲೆನ್ಸ್‌ಗೆ 108 ಮಾಡು.

ಮಧ್ಯಾಹ್ನ ಒಬ್ಬಟ್ಟು ಒಂದು ಸಾಕು, ಆ ದಿನ ಅನ್ನ ಕಡಿಮೆ ಬಡಿಸು. ‘ಬೆಲ್ಲ ಅಲ್ವಾ, ಏನೂ ಆಗಲ್ಲ’ ಎಂದು ಯಾರಾದರೂ ಇನ್ನೊಂದು ಹಾಕಲು ಬಂದರೆ ತಡೆ. ಬೆಲ್ಲವೂ ಸಕ್ಕರೆಯ ಹಾಗೇ ರಕ್ತದಲ್ಲಿ ಏರುತ್ತದೆ. ತಾತನಿಗೆ ಒಬ್ಬಟ್ಟನ್ನು ಬಿಸಿ ಹಾಲು, ತುಪ್ಪದಲ್ಲಿ ನೆನೆಸಿ ಕೊಡು. ಹಲ್ಲಿನ ಸೆಟ್ ಹಾಕಿಕೊಂಡು ಒಣದನ್ನು ನುಂಗುವಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಊಟಕ್ಕೆ ಮೊದಲು ತಾತನಿಂದ ಪಂಚಾಂಗ ಓದಿಸಲೇಬೇಕು. ಈ ಸಲ ಬರುವುದು ಪರಾಭವ ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಹಿಂದಿನ ಪರಾಭವ ಬಂದಿದ್ದು 1966ರಲ್ಲಿ, ತಾತನಿಗೆ ಆಗ ಇಪ್ಪತ್ತೆರಡು. ಆ ಯುಗಾದಿ ಹೇಗಿತ್ತು ಎಂದು ಕೇಳು, ಟಿವಿ ಆರಿಸಿ ಅವರ ಬಲಗಿವಿಯ ಕಡೆ ಕೂತು ಕೇಳು. ಎರಡು ಪರಾಭವ ಕಂಡವರು ನಮ್ಮ ಮನೆಯಲ್ಲಿ ಇವರಿಬ್ಬರೇ. ನಾನು ಅಲ್ಲಿಲ್ಲ, ಸಾಧ್ಯವಾದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ‘ಶತಾಯುರ್ವಜ್ರದೇಹಾಯ’ ಶ್ಲೋಕವನ್ನೂ ಅವರೇ ಹೇಳಲಿ. ನೂರು ವರ್ಷ ಬಾಳಿ ಎಂದು ಬೇವು-ಬೆಲ್ಲ ಕೊಡುವ ಹಕ್ಕು ಆ ಮನೆಯಲ್ಲಿ ಮೊದಲು ಅವರದು.

ಬರುವವರ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿರು. ನಮ್ಮಲ್ಲಿ ಫ್ಲೂ ಮಳೆಗಾಲದ ಜೊತೆಗೆ ಜನವರಿಯಿಂದ ಮಾರ್ಚ್‌ವರೆಗೂ ಹೆಚ್ಚಾಗಿ ಓಡಾಡುತ್ತದೆ. ಬರುವವರ ಮಕ್ಕಳಿಗೆ ಶೀತ, ಕೆಮ್ಮು ಇದ್ದರೆ ಈ ವಾರ ಬೇಡ, ಮುಂದಿನ ವಾರ ಬನ್ನಿ ಎಂದು ನೇರವಾಗಿ ಹೇಳು. ನೊಂದುಕೊಂಡರೆ ನಾನು ಮಾತಾಡುತ್ತೇನೆ. ನಿನಗೇ ಗಂಟಲು ಕೆರೆದರೂ ಇದೇ ನಿಯಮ. 2020ರ ಯುಗಾದಿ ನೆನಪಿದೆಯಲ್ಲ? ಮಾರ್ಚ್ 25, ಲಾಕ್‌ಡೌನ್ ಶುರುವಾದ ದಿನವೇ ಹಬ್ಬ. ನೀನು ಬೆಂಗಳೂರಿನ ರೂಮಿನಲ್ಲಿ ಒಬ್ಬಳೇ, ತಾತ ವಿಡಿಯೋ ಕಾಲ್‌ನಲ್ಲಿ ಆಶೀರ್ವಾದ ಮಾಡಿದ್ದರು. ಜ್ವರ ಬಂದರೆ ಹಾಗೆಯೇ ಮಾಡೋಣ, ಅದರಲ್ಲಿ ತಪ್ಪೇನಿಲ್ಲ. ಬಂದವರೆಲ್ಲ ಕಿಟಕಿ ತೆರೆದ ಹಾಲಿನಲ್ಲಿ, ಇಲ್ಲವೇ ಜಗಲಿಯಲ್ಲಿ ಕೂರಲಿ.

ದೇವರ ಮುಂದಿನ ದೀಪವನ್ನು ನೆಲದಿಂದ ಎತ್ತಿ ಪುಟ್ಟ ಮೇಜಿನ ಮೇಲೆ ಇಡು. ಬಗ್ಗಿದಾಗ ಅಜ್ಜಿಯ ಸೆರಗು ಬೆಂಕಿಗೆ ತಾಗಬಾರದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಅವರಿಗೆ ಅಂದು ಹತ್ತಿ ಸೀರೆಯೇ ಒಳ್ಳೆಯದು.

ಮರುದಿನ ಸಂಜೆ ಚಂದ್ರನನ್ನು ನೋಡಲು ತಾರಸಿಗೆ ಹೋಗುತ್ತೇನೆ ಎಂದು ತಾತ ಹೊರಡುತ್ತಾರೆ. ಹತ್ತುವಾಗ ಬೆಳಕಿರುತ್ತದೆ, ಇಳಿಯುವಾಗ ಕತ್ತಲು, ಕಣ್ಣಿಗೆ ಬೈಫೋಕಲ್ ಕನ್ನಡಕ. ಅದು ಬೇಡವೇ ಬೇಡ. ನಮ್ಮ ಬೀದಿಯ ತುದಿಯಲ್ಲಿ ಪಡುವಣ ದಿಕ್ಕು ಬಯಲಾಗಿದೆ, ಅಲ್ಲಿಗೆ ಕೈ ಹಿಡಿದು ಕರೆದುಕೊಂಡು ಹೋಗು. ಸೂರ್ಯ ಮುಳುಗಿದ ಕೂಡಲೇ ಹೊರಡಬೇಕು, ಬಿದಿಗೆಯ ಚಂದ್ರ ಬೇಗ ಮುಳುಗುತ್ತಾನೆ. ಯಾವ ಕೋಡು ಮೇಲಿದೆ ನೋಡಿ ಮಳೆ-ಬೆಳೆ ಹೇಗೆಂದು ತಾತ ಹೇಳಲಿ.

ಒಂದು ವಿಷಯ ಮಾತ್ರ ಮರೆಯಬೇಡ. ತಾತ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಲ್ಲಾದರೂ ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ, ‘ಏನೂ ಆಗಿಲ್ಲ’ ಎಂದು ಅವರು ಹೇಳಿದರೂ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಳಗೆ ರಕ್ತ ಸೋರುವುದು ಗಂಟೆಗಳಾದ ಮೇಲೂ ಗೊತ್ತಾಗಬಹುದು. ಇಬ್ಬರ ಮಾತ್ರೆಗಳ ಪಟ್ಟಿ, ಡಾಕ್ಟರ ನಂಬರು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ.

ಹಾಲಿನವರಿಗೆ ಎರಡು ಲೀಟರ್ ಜಾಸ್ತಿ ಹೇಳಿದ್ದೇನೆ. ಬೇವಿನ ಹೂವನ್ನು ಹೋಗುವಾಗಲೇ ದೇವರಾಜ ಮಾರುಕಟ್ಟೆಯಲ್ಲಿ ತೆಗೆದುಕೊಂಡು ಬಿಡು, ಹಬ್ಬದ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಜ್ಜಿಯ ಸ್ನಾನ ಆದ ತಕ್ಷಣ ಒಂದು ಫೋನ್ ಮಾಡು, ಮಗು ಮಲಗಿದ್ದರೂ ಫೋನ್ ಎತ್ತುತ್ತೇನೆ.

ನಿನ್ನ
ಅಮ್ಮ