ವಿಲ್ಸನ್ಸ್ ಪ್ರೊಮೊಂಟರಿ ಪ್ರವಾಸ: ಕ್ಯಾಬಿನ್ನಿನ ಹಣ ಪಡೆದು ಹಟ್ ಕೊಟ್ಟ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ವಿದೇಶ ಪ್ರವಾಸ,
ಬೆಂಗಳೂರು

ವಿಷಯ: ಟೈಡಲ್ ರಿವರ್ ವಸತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದು, ಹಣ ವಾಪಸಾತಿ ಮತ್ತು ಲಿಖಿತ ವಿವರಣೆ ಕೋರಿ.

ಮಾನ್ಯರೇ,

ಕಳೆದ ಮೇ ತಿಂಗಳಲ್ಲಿ ನಿಮ್ಮ ಸಂಸ್ಥೆಯ ಮೂಲಕ ನಮ್ಮ ಕುಟುಂಬ ಆಸ್ಟ್ರೇಲಿಯಾಕ್ಕೆ ಹೋಗಿಬಂತು. ವಿಮಾನದ ಟಿಕೆಟ್, ವೀಸಾ, ಮೆಲ್ಬರ್ನ್ ಮತ್ತು ಸಿಡ್ನಿಯ ಹೋಟೆಲುಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಈ ಪತ್ರ ವಿಕ್ಟೋರಿಯಾ ರಾಜ್ಯದ ವಿಲ್ಸನ್ಸ್ ಪ್ರೊಮೊಂಟರಿ ರಾಷ್ಟ್ರೀಯ ಉದ್ಯಾನದೊಳಗೆ, ಟೈಡಲ್ ರಿವರ್ ಎಂಬಲ್ಲಿ, ನೀವು ನಮಗೆ ಕೊಟ್ಟ ವಸತಿಯ ಬಗ್ಗೆ.

ನೀವು ಮಾರ್ಚ್ ತಿಂಗಳಲ್ಲಿ ಕಳಿಸಿದ ವೋಚರ್ ನನ್ನ ಮುಂದಿದೆ. ಅದರಲ್ಲಿ ‘ಕ್ಯಾಬಿನ್’ ಎಂದಿದೆ. ಎರಡು ಮಲಗುವ ಕೋಣೆ, ಒಳಗೇ ಬಚ್ಚಲು ಮತ್ತು ಶೌಚಾಲಯ, ಪೂರ್ಣ ಅಡುಗೆಮನೆ, ಹಾಸಿಗೆ-ಹೊದಿಕೆ, ಟವೆಲ್ ಎಲ್ಲವೂ ಸೇರಿದೆ ಎಂದು ಬರೆದಿದೆ. ಪಕ್ಕದಲ್ಲಿ ಕ್ಯಾಬಿನ್ನಿನ ಒಳಗಿನ ಫೋಟೊ ಕೂಡ ಇದೆ. ನಮಗೆ ಸಿಕ್ಕಿದ್ದು ಹಟ್. ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಬಂಕ್ ಹಾಸಿಗೆಗಳು, ಸಣ್ಣ ಫ್ರಿಜ್, ಒಂದು ವಿದ್ಯುತ್ ಒಲೆ, ಸಿಂಕು. ಶೌಚಾಲಯ, ಸ್ನಾನ ಎರಡಕ್ಕೂ ಹೊರಗೆ ನಡೆದು ಸಾರ್ವಜನಿಕ ಕಟ್ಟಡಕ್ಕೆ ಹೋಗಬೇಕು. ಹಾಸಿಗೆಯ ಮೇಲೆ ಹಾಸಲು ಒಂದು ಬಟ್ಟೆಯಿಲ್ಲ, ಹೊದೆಯಲು ಕಂಬಳಿಯಿಲ್ಲ, ದಿಂಬೂ ಇಲ್ಲ. ಹಟ್‌ನಲ್ಲಿ ಉಳಿಯುವವರು ಅವನ್ನೆಲ್ಲ ತಾವೇ ತರಬೇಕೆಂಬುದು ಅಲ್ಲಿನ ನಿಯಮ. ತಿಳಿದು ಬುಕ್ ಮಾಡುವವರು ತಂದೇ ತರುತ್ತಾರೆ. ನಮಗೆ ನೀವು ಹೇಳಲೇ ಇಲ್ಲ.

ಉದ್ಯಾನದವರ ಮೇಲೆ ನನ್ನ ದೂರು ಖಂಡಿತ ಇಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಟೈಡಲ್ ರಿವರ್‌ನಲ್ಲಿ ಕ್ಯಾಬಿನ್ನುಗಳೂ ಇವೆ, ಹಟ್‌ಗಳೂ ಇವೆ, ಟೆಂಟ್ ಹಾಕುವ ಜಾಗವೂ ಇದೆ. ಯಾವುದರಲ್ಲಿ ಏನಿದೆ ಎಂದು ಅವರು ಸ್ಪಷ್ಟವಾಗಿಯೇ ತಿಳಿಸುತ್ತಾರೆ. ವಿಸಿಟರ್ ಸೆಂಟರ್‌ನಲ್ಲಿದ್ದ ಹೆಣ್ಣುಮಗಳು ನಮ್ಮ ವೋಚರ್ ನೋಡಿ ಗೊಂದಲಗೊಂಡು, ತನ್ನ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಜನವರಿಯಲ್ಲಿ ನಿಮ್ಮ ಸಂಸ್ಥೆಯ ಹೆಸರಿನಿಂದ ಆದ ಬುಕಿಂಗ್ ಮೊದಲಿನಿಂದಲೂ ಹಟ್‌ಗೇ ಆಗಿತ್ತು. ಅಂದರೆ ಜನವರಿಯಲ್ಲಿ ಹಟ್ ಕಾಯ್ದಿರಿಸಿದ್ದ ನೀವು, ಮಾರ್ಚ್‌ನಲ್ಲಿ ನಮ್ಮಿಂದ ಕ್ಯಾಬಿನ್ನಿನ ದರದಲ್ಲಿ ಪೂರ್ತಿ ಹಣ ಪಡೆದು, ಕ್ಯಾಬಿನ್ ಎಂದು ಬರೆದ ವೋಚರ್ ಕಳಿಸಿದಿರಿ. ಆ ಪರದೆಯ ಫೋಟೊವನ್ನು ಅವರ ಒಪ್ಪಿಗೆ ಪಡೆದೇ ತೆಗೆದುಕೊಂಡಿದ್ದೇನೆ, ಲಗತ್ತಿಸಿದ್ದೇನೆ.

ನಮಗೆ ಐಷಾರಾಮ ಬೇಕಿರಲಿಲ್ಲ. ಬೇಕಿದ್ದದ್ದು ಒಳಗೇ ಇರುವ ಶೌಚಾಲಯ. ನಮ್ಮತ್ತೆಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆಯಿದೆ, ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆ, ರಾತ್ರಿ ಹಲವು ಸಲ ಏಳಬೇಕಾಗುತ್ತದೆ. ಬುಕಿಂಗ್ ಫಾರ್ಮಿನ ‘ವಿಶೇಷ ಅಗತ್ಯ’ ಕಾಲಂನಲ್ಲಿ ಇದನ್ನು ಬರೆದಿದ್ದೆ. ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಕೇಳಿದ್ದೆ. ‘ಕ್ಯಾಬಿನ್ ಒಳಗೇ ಇದೆ ಮೇಡಂ, ಅಮ್ಮನವರಿಗೆ ಏನೂ ತೊಂದರೆಯಾಗಲ್ಲ’ ಎಂದು ನಿಮ್ಮ ಪ್ರತಿನಿಧಿ ಉತ್ತರಿಸಿದ್ದರು. ಆ ಸಂದೇಶವೂ ಲಗತ್ತಿನಲ್ಲಿದೆ.

ಮೇ ತಿಂಗಳೆಂದರೆ ಅಲ್ಲಿ ಚಳಿಗಾಲದ ಹೊಸ್ತಿಲು. ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ದಕ್ಷಿಣ ತುದಿ ಇರುವುದು ಇದೇ ಉದ್ಯಾನದಲ್ಲಿ. ಅದರಾಚೆ ಟಾಸ್ಮೇನಿಯಾ ದ್ವೀಪದವರೆಗೂ ಹರಡಿರುವ ಬಾಸ್ ಜಲಸಂಧಿಯ ಗಾಳಿ ನೇರವಾಗಿ ಬಂದು ಬಡಿಯುತ್ತದೆ. ಸಂಜೆ ಐದೂವರೆಗೆಲ್ಲ ಕತ್ತಲು. ಮೊದಲ ರಾತ್ರಿ ನಾನು ಟಾರ್ಚ್ ಹಿಡಿದು, ಅತ್ತೆಯ ತೋಳು ಹಿಡಿದುಕೊಂಡು, ಸಣ್ಣ ಮಳೆಯಲ್ಲಿ ಶೌಚಾಲಯದ ಕಡೆ ಹೊರಟರೆ ದಾರಿಯ ಮಧ್ಯೆ ಹಂದಿಮರಿಯಷ್ಟು ದಪ್ಪನೆಯ ವಾಂಬ್ಯಾಟ್ ಎಂಬ ಅಲ್ಲಿನ ಕಾಡುಪ್ರಾಣಿಯೊಂದು ಹುಲ್ಲು ಮೇಯುತ್ತ ನಿಂತಿತ್ತು. ಪಾಪ, ಅದು ಯಾರಿಗೂ ಏನೂ ಮಾಡುವುದಿಲ್ಲ, ಅದರ ಊರು ಅದು. ಆದರೆ ಕತ್ತಲಲ್ಲಿ ಅತ್ತೆ ಬೆಚ್ಚಿ ಹಿಂದಕ್ಕೆ ಹೆಜ್ಜೆಯಿಟ್ಟು, ಮಂಡಿ ತಿರುಚಿ, ನನ್ನ ಮೇಲೆ ಒರಗಿದರು. ಬೀಳಲಿಲ್ಲ ಎನ್ನುವುದೊಂದೇ ಪುಣ್ಯ.

ಮರುದಿನ ಮಧ್ಯಾಹ್ನದಿಂದಲೇ ಅವರು ನೀರು ಕುಡಿಯುವುದನ್ನು ನಿಲ್ಲಿಸಿದರು. ರಾತ್ರಿ ಯಾರನ್ನೂ ಎಬ್ಬಿಸಬಾರದು ಅಂತ. ಸಾರು ಬಡಿಸಿದರೆ ‘ಬೇಡಮ್ಮ, ಅನ್ನಕ್ಕೆ ಉಪ್ಪಿನಕಾಯಿ ಸಾಕು’ ಎಂದಾಗಲೇ ನನಗೆ ಅರ್ಥವಾದದ್ದು. ಸಕ್ಕರೆ ಕಾಯಿಲೆಯವರು ನೀರು ಬಿಡುವುದೆಂದರೆ ಏನೆಂದು ನಿಮ್ಮ ಕಚೇರಿಯಲ್ಲೂ ಯಾರಿಗಾದರೂ ಗೊತ್ತಿರುತ್ತದೆ. ನನ್ನ ದೂರಿನ ಮುಖ್ಯ ಅಂಶ ಇದೇ. ಹಣದ ವಿಷಯ ಆಮೇಲಿನದು.

ಅಲ್ಲಿಂದ ಹೊರಟು ಬೇರೆ ಕಡೆ ಏಕೆ ಹೋಗಲಿಲ್ಲ ಎಂದು ನಿಮ್ಮ ಇಮೇಲ್‌ನಲ್ಲಿ ಕೇಳಿದ್ದೀರಿ. ಈ ಪ್ರಶ್ನೆ ಕೇಳುವವರು ಜಾಗದ ನಕ್ಷೆಯನ್ನೇ ನೋಡಿಲ್ಲ ಅನಿಸಿತು. ಟೈಡಲ್ ರಿವರ್‌ನಿಂದ ಉದ್ಯಾನದ ಗೇಟಿಗೇ ಸುಮಾರು 30 ಕಿಲೋಮೀಟರ್, ಫಾಸ್ಟರ್ ಪೇಟೆಗೆ ಅದರ ಇಮ್ಮಡಿ. ಇರುವುದು ಒಂದೇ ರಸ್ತೆ. ಮುಸ್ಸಂಜೆಯಾದ ಮೇಲೆ ಕಾಂಗರೂ, ಅದರಂಥದೇ ಚಿಕ್ಕ ಪ್ರಾಣಿ ವಾಲಬಿ, ವಾಂಬ್ಯಾಟ್‌ಗಳು ರಸ್ತೆಗಿಳಿಯುತ್ತವೆ. ಆ ಹೊತ್ತಿನಲ್ಲಿ ಕಾರು ಓಡಿಸಬೇಡಿ ಎಂದು ಅಲ್ಲಿನವರೇ ಎಚ್ಚರಿಸುತ್ತಾರೆ. ಉದ್ಯಾನದೊಳಗೆ ಪೆಟ್ರೋಲ್ ಸಿಗುವುದಿಲ್ಲ, ಇದನ್ನೂ ನೀವು ತಿಳಿಸಿರಲಿಲ್ಲ. ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ಕಾರು ಓಡಿಸುತ್ತಿದ್ದ, ಅವನಿಗೆ ಗೊತ್ತಿದ್ದುದರಿಂದ ದಾರಿಯಲ್ಲೇ ತುಂಬಿಸಿಕೊಂಡೆವು. ದಿನಸಿಯನ್ನೂ ಅವನ ಮಾತಿನಂತೆ ದಾಂಡೆನಾಂಗ್‌ನ ಭಾರತೀಯ ಅಂಗಡಿಗಳಲ್ಲಿ ಕೊಂಡೆವು. ‘ಊಟಕ್ಕೆ ಅಲ್ಲೇ ಎಲ್ಲ ಸಿಗುತ್ತೆ’ ಎಂಬ ನಿಮ್ಮ ಮಾತು ನಂಬಿ ಹೋಗಿದ್ದರೆ, ಬೇಗನೆ ಬಾಗಿಲು ಹಾಕುವ ಒಂದು ಸಣ್ಣ ಅಂಗಡಿಯ ಮುಂದೆ ಸಸ್ಯಾಹಾರಿಗಳಾದ ನಾವು ನಿಲ್ಲಬೇಕಾಗಿತ್ತು. ಖಾಲಿ ಕ್ಯಾಬಿನ್ ಇದ್ದರೆ ಹೆಚ್ಚಿನ ಹಣ ಕೊಟ್ಟಾದರೂ ಬದಲಾಯಿಸಿಕೊಳ್ಳುತ್ತೇವೆ ಎಂದು ಅಲ್ಲಿ ಕೇಳಿಕೊಂಡೆವು. ಎಲ್ಲವೂ ಭರ್ತಿಯಾಗಿದ್ದವು.

ನಿಮ್ಮ 24 ಗಂಟೆಯ ಸಹಾಯವಾಣಿಗೆ ತಮ್ಮನ ಫೋನಿನಿಂದ ಕರೆ ಮಾಡಿದಾಗ ಅಲ್ಲಿ ಸಂಜೆ ಆರು, ಬೆಂಗಳೂರಿನಲ್ಲಿ ಮಧ್ಯಾಹ್ನ ಒಂದೂವರೆ. ಕಚೇರಿ ತೆರೆದಿರುವ ಹೊತ್ತು. ಫೋನ್ ಎತ್ತಿದವರು ನನ್ನ ಮಾತು ಪೂರ್ತಿ ಕೇಳಿ, ‘ಮೇಡಂ, ನ್ಯಾಷನಲ್ ಪಾರ್ಕ್ ಅಂದ್ರೆ ಹಾಗೇ ಇರುತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರು. ಮತ್ತೆ ಕರೆ ಮಾಡುತ್ತೇವೆ ಎಂದವರು ಮಾಡಲಿಲ್ಲ. ಆ ರಾತ್ರಿ ನಮಗೆ ಎರಡು ಕಂಬಳಿ ಕೊಟ್ಟವರು ಪಕ್ಕದ ಹಟ್‌ನಲ್ಲಿದ್ದ ಅಪರಿಚಿತ ದಂಪತಿ.

ಇದು ಚಳಿ, ಕಂಬಳಿಗಷ್ಟೇ ನಿಲ್ಲುವ ವಿಷಯವೂ ಅಲ್ಲ. 2009ರಲ್ಲಿ ಆ ಉದ್ಯಾನದ ದೊಡ್ಡ ಭಾಗ ಬೆಂಕಿಗೆ ಸಿಕ್ಕಿತ್ತು. 2011ರ ಮಾರ್ಚ್‌ನಲ್ಲಿ ಸುರಿದ ಮಳೆಗೆ ಡಾರ್ಬಿ ನದಿಯ ಸೇತುವೆ ಹಾಳಾಗಿ, ಟೈಡಲ್ ರಿವರ್‌ಗಿದ್ದ ಒಂದೇ ರಸ್ತೆ ಕಡಿದುಹೋಗಿ, ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಹೊರಗೆ ಸಾಗಿಸಬೇಕಾಯಿತು. ಅಂಥ ಜಾಗಕ್ಕೆ ವಯಸ್ಸಾದವರನ್ನು ಕಳಿಸುವ ಸಂಸ್ಥೆ, ಅಲ್ಲಿ ಏನಿದೆ ಏನಿಲ್ಲ ಎಂದು ಮೊದಲೇ ತಿಳಿದಿರಬೇಡವೇ? ಹೋದವರು ಫೋನ್ ಮಾಡಿದರೆ ಹೊಣೆ ಹೊರುವವರೊಬ್ಬರು ಇರಬೇಡವೇ?

ಜಾಗ ಅಪರೂಪದ್ದು. ಮರದ ತೊಗಟೆ, ಎಲೆಗಳ ಸಾರ ಇಳಿದು ಚಹಾ ಬಣ್ಣಕ್ಕೆ ತಿರುಗಿದ ನದಿ ಸಮುದ್ರ ಸೇರುವುದನ್ನು ಅತ್ತೆ ಬೆಂಚಿನ ಮೇಲೆ ಕೂತು ಬಹಳ ಹೊತ್ತು ನೋಡಿದರು. ಸ್ಕ್ವೀಕಿ ಬೀಚಿನ ಬೆಣಚುಕಲ್ಲಿನ ಮರಳು ಕಾಲಿಟ್ಟರೆ ಕೀಚ್ ಕೀಚ್ ಎನ್ನುತ್ತದೆ. ಅದನ್ನು ಕೇಳಬೇಕೆಂದು ಊರಿನಲ್ಲಿದ್ದಾಗಿನಿಂದ ಆಸೆಪಟ್ಟಿದ್ದವರು, ಮಂಡಿ ಊದಿಕೊಂಡಿದ್ದರಿಂದ ಬರಲಾಗಲಿಲ್ಲ. ನಾವು ಹೋಗಿ ವಿಡಿಯೊ ಮಾಡಿಕೊಂಡು ಬಂದು ತೋರಿಸಿದೆವು. ಆ ವಯಸ್ಸಿನಲ್ಲಿ ಅವರು ಮತ್ತೊಮ್ಮೆ ಅಷ್ಟು ದೂರ ಹೋಗುವುದು ಕಷ್ಟ. ಇದಕ್ಕೆ ನೀವು ಏನು ಕೊಟ್ಟರೂ ಪರಿಹಾರವಾಗುವುದಿಲ್ಲ.

ನನ್ನ ಮೊದಲ ಇಮೇಲ್‌ಗೆ ನೀವು ಕಳಿಸಿದ ಉತ್ತರದಲ್ಲಿ, ‘ಲಭ್ಯತೆಗೆ ಅನುಗುಣವಾಗಿ ಸಮಾನ ದರ್ಜೆಯ ವಸತಿ ನೀಡಲಾಗುವುದು’ ಎಂಬ ಷರತ್ತನ್ನು ಉಲ್ಲೇಖಿಸಿದ್ದೀರಿ. ಶೌಚಾಲಯ, ಹೊದಿಕೆ ಇಲ್ಲದ ಹಟ್ ಕ್ಯಾಬಿನ್ನಿಗೆ ಸಮಾನ ದರ್ಜೆಯಾಗುವುದು ಹೇಗೆ? ಕೊನೆ ಗಳಿಗೆಯಲ್ಲಿ ಲಭ್ಯತೆ ತಪ್ಪಿ ಬದಲಾಯಿಸಿದ್ದೂ ಅಲ್ಲ, ಜನವರಿಯಿಂದಲೇ ಅದು ಹಟ್. ಜನವರಿಯಲ್ಲೇ ನಿಜ ಹೇಳಿದ್ದರೆ ಉದ್ಯಾನದ ಹೊರಗಿನ ಯಾನಕಿ ಊರಿನಲ್ಲೋ ಫಾಸ್ಟರ್‌ನಲ್ಲೋ ಉಳಿದು ಹಗಲಿನಲ್ಲಿ ಉದ್ಯಾನ ನೋಡಿ ಬರುತ್ತಿದ್ದೆವು. ಆ ಆಯ್ಕೆಯನ್ನು ನೀವು ನಮ್ಮಿಂದ ಕಿತ್ತುಕೊಂಡಿರಿ.

ಆದ್ದರಿಂದ ಟೈಡಲ್ ರಿವರ್ ವಸತಿಗೆಂದು ನಮ್ಮಿಂದ ಪಡೆದ ಮೊತ್ತಕ್ಕೂ ನೀವು ಹಟ್‌ಗೆ ನಿಜವಾಗಿ ಕಟ್ಟಿದ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು, ಉದ್ಯಾನದ ಮೂಲ ರಸೀದಿಯ ಪ್ರತಿಯೊಂದಿಗೆ, ಹಿಂದಿರುಗಿಸಬೇಕು. ಮೆಲ್ಬರ್ನ್‌ಗೆ ಮರಳಿದ ಮೇಲೆ ಅತ್ತೆಯನ್ನು ವೈದ್ಯರಿಗೆ ತೋರಿಸಿದ ಖರ್ಚನ್ನು ಭರಿಸಬೇಕು. ಅತ್ತೆಯವರ ಹೆಸರಿಗೆ ಕ್ಷಮಾಪಣೆ ಪತ್ರ ಬರಬೇಕು, ಅದೂ ಕನ್ನಡದಲ್ಲಿ, ಅವರು ಓದುವ ಭಾಷೆ ಅದು. ನಿಮ್ಮ ವೆಬ್‌ಸೈಟ್‌ನಲ್ಲಿ ಅದೇ ಪ್ಯಾಕೇಜು ಅದೇ ಫೋಟೊದೊಂದಿಗೆ ಇವತ್ತಿಗೂ ಇದೆ. ಅದನ್ನು ತಕ್ಷಣ ತಿದ್ದಿ. ಮುಂದೆ ಹೋಗುವವರಿಗೆ ನಿಮ್ಮ ವೋಚರ್ ಜೊತೆಗೆ ಉದ್ಯಾನದ ಮೂಲ ದೃಢೀಕರಣವನ್ನೂ ಕೊಡಿ.

ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ಆಧಾರದಲ್ಲಿ ನಮ್ಮ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಲು ಆ ಕಾಯ್ದೆಯಲ್ಲಿ ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ವಿಷಯ ತಿಳಿಸುತ್ತೇನೆ. ಫೋನಿನಲ್ಲಿ ಮಾತುಕತೆ ಬೇಡ, ಏನಿದ್ದರೂ ಬರಹದಲ್ಲೇ ತಿಳಿಸಿ.

ಲಗತ್ತು: ವೋಚರ್, ಹಣ ಪಾವತಿ ರಸೀದಿ, ಬುಕಿಂಗ್ ಫಾರ್ಮ್, ವಾಟ್ಸ್ಆ್ಯಪ್ ಸಂದೇಶಗಳು, ವಿಸಿಟರ್ ಸೆಂಟರ್ ಪರದೆಯ ಫೋಟೊ, ಹಟ್‌ನ ಫೋಟೊಗಳು, ವೈದ್ಯರ ಬಿಲ್ಲು.

ಇಂತಿ,
(ಸಹಿ)