ಬೇಲಿಯಾಚೆ ಒಂದು ಮೇಣದಬತ್ತಿ

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಅಂತೂ ಅಜ್ಜನಾಗಿಬಿಟ್ಟೆ! ಮೊಮ್ಮಗಳು ಅಂತ ಕೇಳಿದ ಕೂಡಲೇ ಗಂಟೆಯ ಹಗ್ಗ ನೆನಪಾಗಿ ಒಬ್ಬನೇ ನಕ್ಕೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಓದುವವರು ಬಹಳ ಜನ ಇದ್ದಾರೆ.

ನೀನು ಕೊನೆಯಲ್ಲಿ ಜ್ಞಾನಸ್ನಾನದ ಬಗ್ಗೆ, ಅಂದರೆ ಮಗುವಿಗೆ ನೀರು ಹೊಯ್ದು ಚರ್ಚಿಗೆ ಸೇರಿಸುವ ವಿಧಿಯ ಬಗ್ಗೆ, ಕೇಳಿದ್ದು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಮಗ ಕೇಳ್ತಿದ್ದಾನೆ ಕಣೋ, ಇಷ್ಟು ಬೇಗ ಜ್ಞಾನಸ್ನಾನ ಯಾಕೆ ಅಂತ. ಒಂದು ವೀಡಿಯೋದಲ್ಲಿ ಒಂದು ಹೇಳ್ತಾರೆ, ಇನ್ನೊಂದರಲ್ಲಿ ಅದೇ ಸುಳ್ಳು ಅಂತಾರೆ. ಚರ್ಚೇ ಮಾತು ಬದಲಾಯಿಸಿದೆ. ಯಾವುದನ್ನ ನಿಜ ಅನ್ನಲಿ?" ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಮ್ಮ ವಾರಿಗೆಯ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಚರ್ಚ್ ಮಾತು ಬದಲಾಯಿಸಿತು ಅಂದರೆ ನನಗೆ ಮೊದಲು ನೆನಪಾಗುವುದು ಲಿಂಬೋ. ಧರ್ಮೋಪದೇಶದ ಕ್ಲಾಸಿನಲ್ಲಿ, ಮೂರನೇ ಬೆಂಚಿನಲ್ಲಿ ಕೂತು, ಹಳೆಯ ಪ್ರಶ್ನೋತ್ತರ ಪುಸ್ತಕದಿಂದ ನಾವಿಬ್ಬರೂ ಬಾಯಿಪಾಠ ಮಾಡಿದ್ದೆವು, ನೆನಪಿದೆಯಾ? ಜ್ಞಾನಸ್ನಾನ ಆಗದೆ ತೀರಿಕೊಂಡ ಮಗು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ. ಲಿಂಬೋಗೆ ಹೋಗುತ್ತದೆ. ಅಲ್ಲಿ ನೋವಿಲ್ಲ. ಆದರೆ ದೇವರ ಮುಖ ಕಾಣುವುದಿಲ್ಲ. ಲ್ಯಾಟಿನ್‌ನಲ್ಲಿ ಲಿಂಬುಸ್ ಅಂದರೆ ಅಂಚು, ಸೀರೆಗೆ ಇರುತ್ತದಲ್ಲ, ಹಾಗೆ.

ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಐದನೇ ಶತಮಾನದ ಶುರುವಿನಲ್ಲಿ ಬಿಷಪ್ ಸಂತ ಅಗಸ್ಟೀನರಿಗೂ ಪೆಲಾಜಿಯಸ್ ಎಂಬ ಉಪದೇಶಕನ ಕಡೆಯವರಿಗೂ ದೊಡ್ಡ ವಾದ ನಡೆಯುತ್ತಿತ್ತು. ಮನುಷ್ಯ ತನ್ನ ಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲ ಎಂದು ಪೆಲಾಜಿಯಸ್ ಕಡೆಯವರು. ಇಲ್ಲ, ಎಲ್ಲರಿಗೂ ಕ್ರಿಸ್ತನ ಕೃಪೆ ಬೇಕು, ಈಗ ತಾನೇ ಹುಟ್ಟಿದ ಕೂಸಿಗೂ ಬೇಕು ಎಂದು ಅಗಸ್ಟೀನರು. ಹಾಗಾದರೆ ಜ್ಞಾನಸ್ನಾನ ಸಿಗದೆ ಹೋದ ಕೂಸಿನ ಗತಿ? ಅದಕ್ಕೂ ಶಿಕ್ಷೆ ಇದೆ, ಎಲ್ಲಕ್ಕಿಂತ ಹಗುರವಾದದ್ದು ಅಂದರು. ಅಷ್ಟು ದೊಡ್ಡವರು ಅಷ್ಟು ಕಠಿಣ ಮಾತು ಆಡಿದ್ದಾರೆ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 13ನೇ ಶತಮಾನದಲ್ಲಿ ದೈವಶಾಸ್ತ್ರದ ಪಂಡಿತ ತೋಮಸ್ ಅಕ್ವಿನಾಸರು ಬಂದು, ಆ ಮಕ್ಕಳಿಗೆ ಸಂಕಟವೇ ಇಲ್ಲ, ಏನು ತಪ್ಪಿಹೋಯಿತು ಅನ್ನುವುದೂ ಅವಕ್ಕೆ ಗೊತ್ತಾಗುವುದಿಲ್ಲ ಅಂದರು. ಆ ಕಾಲಕ್ಕೆ ಲಿಂಬೋ ಅನ್ನುವುದೇ ಒಂದು ಕರುಣೆ.

ಆದರೆ ಚರ್ಚ್ ಇದನ್ನು ಯಾವತ್ತೂ ನಂಬಲೇಬೇಕಾದ ಸತ್ಯ ಅಂತ ಸಾರಿರಲಿಲ್ಲ. ಪಂಡಿತರ ಊಹೆ ಅದು. ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿ ಗೋಡೆಯಷ್ಟು ಗಟ್ಟಿಯಾಗಿತ್ತು. ಕ್ಯಾಥೊಲಿಕ್ ಚರ್ಚಿನ 1992ರ ಧರ್ಮೋಪದೇಶ ಗ್ರಂಥದಲ್ಲಿ ಲಿಂಬೋ ಅನ್ನುವ ಹೆಸರೇ ಇಲ್ಲ. ಆ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಅನ್ನುತ್ತದೆ, ಜೊತೆಗೆ ಮಕ್ಕಳನ್ನು ನನ್ನ ಬಳಿಗೆ ಬರಬಿಡಿ ಎಂದ ಯೇಸುವಿನ ಮಾತನ್ನು ನೆನೆಯುತ್ತದೆ. 2007ರ ಏಪ್ರಿಲ್‌ನಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗದ ಬರಹ ಬಂತು. ಪೋಪ್ 16ನೇ ಬೆನೆಡಿಕ್ಟರು ಅದರ ಪ್ರಕಟಣೆಗೆ ಒಪ್ಪಿಗೆ ಕೊಟ್ಟಿದ್ದರು. ಈ ಮಕ್ಕಳಿಗೆ ಮುಕ್ತಿ ಸಿಗುತ್ತದೆ ಅಂತ ನಂಬಿಕೆಯಿಂದ ಕಾಯಲು ಬಲವಾದ ಕಾರಣಗಳಿವೆ, ಆದರೆ ಖಚಿತವಾಗಿ ತಿಳಿದಿದೆ ಅನ್ನಲಾರೆವು ಎಂಬುದು ಅದರ ಸಾರ. ನನಗೆ ತುಂಬಾ ಇಷ್ಟವಾದದ್ದು ಆ ಎರಡನೇ ಭಾಗ. ಮೊದಲಿನವರು ಗೊತ್ತಿಲ್ಲದ್ದನ್ನು ಗೊತ್ತು ಅಂದಿದ್ದರು. ಇವರು ಹಾಗೆ ಮಾಡಲಿಲ್ಲ.

ಇನ್ನೊಂದು ವಿಷಯ ನೋಡು. ಡಿಸೆಂಬರ್ 28ಕ್ಕೆ ನಾವು, ಕೂಸು ಯೇಸುವನ್ನು ಮುಗಿಸಲು ಹೋಗಿ ರಾಜ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ಹಬ್ಬ ಮಾಡುತ್ತೇವೆ. ಅವಕ್ಕೆ ಜ್ಞಾನಸ್ನಾನ ಎಲ್ಲಿ ಆಗಿತ್ತು? ಆದರೂ ಶತಮಾನಗಳಿಂದ ಅವರನ್ನು ಸಂತರು ಅಂತಲೇ ನೆನೆಯುತ್ತೇವೆ. 1970ರ ಪೂಜಾ ಪುಸ್ತಕದಲ್ಲೇ, ಜ್ಞಾನಸ್ನಾನಕ್ಕೆ ಮೊದಲು ಹೋದ ಮಕ್ಕಳಿಗಾಗಿ ಪೂಜೆ ಸೇರಿತ್ತು. ಅಂದರೆ ಆಯೋಗದ ಬರಹ ಬರುವ 37 ವರ್ಷ ಮೊದಲೇ ಪೂಜೆಯಲ್ಲಿ ಆ ಪ್ರಾರ್ಥನೆ ಇತ್ತು. ಯಾವುದು ನಿಜ ಅಂತ ನೀನು ಕೇಳಿದೆಯಲ್ಲ, ನಾನು ಮೊದಲು ಅಲ್ಲಿ ಹುಡುಕುತ್ತೇನೆ. ವೀಡಿಯೋದಲ್ಲಿ ಯಾರು ಜೋರಾಗಿ ಹೇಳಿದರು ಅಂತ ನೋಡಲ್ಲ. ಜನ ಮಂಡಿಯೂರಿ ಏನು ಕೇಳಿಕೊಂಡು ಬಂದಿದ್ದಾರೆ, ಅದು ಯೇಸುವಿನ ಮುಖಕ್ಕೆ ಹೊಂದುತ್ತದಾ ಅಂತ ನೋಡುತ್ತೇನೆ. 434ರಲ್ಲಿ ಲೆರಿನ್ಸ್ ದ್ವೀಪದ ಸನ್ಯಾಸಿ ವಿನ್ಸೆಂಟರು, ಧರ್ಮದ ತಿಳಿವಳಿಕೆ ಮಗುವಿನ ಮೈ ಬೆಳೆಯುವ ಹಾಗೆ ಬೆಳೆಯಬೇಕು ಅಂತ ಬರೆದರು. ಕೈಕಾಲು ಉದ್ದವಾಗುತ್ತವೆ, ಆದರೆ ಅದೇ ಮಗು. ಕ್ರಿಸ್ತ ಎಲ್ಲರಿಗೂ ಬೇಕು ಅನ್ನುವುದು ಅಗಸ್ಟೀನರಲ್ಲೂ ಇತ್ತು, 2007ರ ಬರಹದಲ್ಲೂ ಇದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆಗುತ್ತಿಲ್ಲ.

ನನಗಿಂತ ಮೊದಲು ನಮ್ಮ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು ಅಂತ ನಿನಗೆ ಗೊತ್ತು. 1972ರಲ್ಲಿ. ಜೀವ ಹೋಗುತ್ತಿದೆ ಅನ್ನುವಾಗ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು ಅಂತ ಅಜ್ಜಿಗೆ ತಿಳಿದಿತ್ತು. ಚೊಂಬು ಹಿಡಿದು ಹಿತ್ತಿಲಿಗೆ ಓಡಿದರಂತೆ. ಬರುವಷ್ಟರಲ್ಲಿ ಮುಗಿದಿತ್ತು. ಜ್ಞಾನಸ್ನಾನ ಆಗಿಲ್ಲ ಅಂತ ಮಗುವನ್ನು ಸಮಾಧಿಭೂಮಿಯ ಬೇಲಿಯಾಚೆ ಹೂಳಿದರು. ಹೆಸರಿಲ್ಲ, ಶಿಲುಬೆಯಿಲ್ಲ. ಪೂಜಾ ಪುಸ್ತಕದಲ್ಲಿ ಆ ಪ್ರಾರ್ಥನೆ ಸೇರಿ ಆಗಲೇ ಎರಡು ವರ್ಷ. ನಮ್ಮೂರಿನಲ್ಲಿ ಯಾರೂ ಅಮ್ಮನಿಗೆ ಅದನ್ನು ಹೇಳಲಿಲ್ಲ. ತೀರಿಕೊಂಡವರನ್ನು ನೆನೆಯುವ ದಿನ, ಪ್ರತಿ ನವೆಂಬರ್ 2ಕ್ಕೆ, ಅಮ್ಮ ತಾತ ಅಜ್ಜಿಯರ ಸಮಾಧಿಗೆ ಮೇಣದಬತ್ತಿ ಹಚ್ಚಿ, ಕೊನೆಗೆ ಒಂದನ್ನು ಬೇಲಿಯ ಸಂದಿಯಿಂದ ಆಚೆ ಇಡುತ್ತಿದ್ದರು. ಗಾಳಿಗೆ ಆರಬಾರದು ಅಂತ ತೆಂಗಿನ ಚಿಪ್ಪಿನೊಳಗೆ.

ನನಗಾಗ ಹನ್ನೊಂದು ವರ್ಷ. ಧರ್ಮೋಪದೇಶದ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು, "ಎಲ್ಲಿಗೆ ಹೋಗುತ್ತೆ ಅಂದೆ?" ಅಮ್ಮ ಯಾಕೆ ಕೇಳುತ್ತಿದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು ಕಣೋ. ಆದರೂ ಪುಸ್ತಕದಲ್ಲಿದ್ದ ಹಾಗೆ ಒಂದಕ್ಷರ ಬಿಡದೆ ಹೇಳಿದೆ. ದೇವರ ಮುಖ ಕಾಣುವುದಿಲ್ಲ ಅನ್ನುವುದನ್ನೂ ಸೇರಿಸಿ. ಅಮ್ಮ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಎಸೆದರು. ಮತ್ತೇನೂ ಕೇಳಲಿಲ್ಲ. ನನಗೆ ಮೊದಲ ಬಹುಮಾನ ಬಂತು.

2007ರಲ್ಲಿ ಪೇಪರಿನಲ್ಲಿ ಸುದ್ದಿ ಓದಿದವನೇ ಆ ಶನಿವಾರ ಬಸ್ ಹತ್ತಿ ಊರಿಗೆ ಹೋದೆ. ತಿಳಿದಷ್ಟು ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ. "ಹಂಗಾದ್ರೆ ಅದಕ್ಕೊಂದು ಹೆಸರು ಇಡಬೌದಾ?" ಇಟ್ಟರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಿನಗೆ ಫೋನಿನಲ್ಲಿ ಹೇಳುತ್ತೇನೆ. ಮೊರದ ಮುಂದೆ ನಾನು ಆಡಿದ ಮಾತಿಗೆ ಮಾತ್ರ ಆವತ್ತೂ ಕ್ಷಮೆ ಕೇಳಲಿಲ್ಲ. ಅಮ್ಮ ಹೋಗಿ ಆರು ವರ್ಷವಾಯಿತು.

ಈಗ ಭಾನುವಾರ ಮಕ್ಕಳಿಗೆ ನಾನೇ ಪಾಠ ಹೇಳುತ್ತೇನಲ್ಲ, ಅಲ್ಲಿ ಒಬ್ಬಳು ಹುಡುಗಿ ಹೋದ ತಿಂಗಳು ಕೇಳಿದಳು. "ಪಕ್ಕದ ಮನೆ ಅಜ್ಜಿ ಚರ್ಚಿಗೆ ಬರಲ್ಲ ಸರ್, ಅವರು ಎಲ್ಲಿಗೆ ಹೋಗ್ತಾರೆ?" ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಇದ್ದು, ಮನಸ್ಸಿನಿಂದ ದೇವರನ್ನು ಹುಡುಕುವವರಿಗೂ ಮುಕ್ತಿ ಸಿಗಬಹುದು ಅಂತ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ಅದನ್ನು ಹೇಳಿದೆ. ಆದರೆ ಹೇಳುವಾಗ ಗಂಟಲು ಕಟ್ಟಿತು. ಈಗ ನಾನು ಬಾಯಿಪಾಠ ಮಾಡಿಸುತ್ತಿರುವುದರಲ್ಲಿ ಯಾವುದು ಸತ್ಯ, ಯಾವುದು ಯಾರದೋ ಊಹೆ? ಯಾವ ಮಗು ಮನೆಗೆ ಹೋಗಿ ಅದನ್ನು ಯಾರ ಮುಂದೆ ಒಪ್ಪಿಸುತ್ತದೆ?

ಸಾಕು ಬಿಡು, ಹಬ್ಬದ ಮನೆಗೆ ಬರೆಯುವ ಕಾಗದವಲ್ಲ ಇದು. ಮಗನಿಗೆ ಹೇಳು, ಹೆದರಿಕೊಂಡು ಜ್ಞಾನಸ್ನಾನ ಮಾಡಿಸುವುದು ಬೇಡ. ಸಂತೋಷಕ್ಕೆ ಮಾಡಿಸಲಿ, ತಡ ಮಾಡದೆ ಮಾಡಿಸಲಿ. ತಾರೀಕು ಗೊತ್ತಾದರೆ ತಿಳಿಸು. ಮಗುವಿನ ಮೇಣದಬತ್ತಿ ನಾನು ತರುತ್ತೇನೆ. ಗಂಟೆ ಹೊಡೆಯುವುದು ನಿನ್ನ ಕೆಲಸ. ಹಗ್ಗ ಹುಷಾರು.

ನಿನ್ನವ,
ಮೂರನೇ ಬೆಂಚಿನ ಕಿಟಕಿ ಪಕ್ಕದವನು